ಒಂದು ರಾತ್ರಿಯ ಮಜಲು

ಸಂಸಾರ ಸಮೇತ ಕಾರಿನಲ್ಲಿ ದೂರ ಪ್ರಯಾಣ ಹೊರಟವರಿಗೆ ಸಂಜೆ ನಾಲ್ಕು ಗಂಟೆಯ ಹೊತ್ತಿಗೆ ಒಂದು ಪ್ರಶ್ನೆ ಎದುರಾಗುತ್ತದೆ: ಈ ರಾತ್ರಿ ಎಲ್ಲಿ ತಂಗುವುದು? ಮಕ್ಕಳಿಗೆ ಹಸಿವು, ಹಿರಿಯರಿಗೆ ಸೊಂಟ ನೋವು, ಗಾಡಿ ಓಡಿಸುವವರಿಗೆ ಇನ್ನೂ ಐವತ್ತು ಮೈಲಿ ಹೋಗಿಬಿಡುವ ಹುಮ್ಮಸ್ಸು. ಈ ಪ್ರಶ್ನೆ ಇಂದು ನಿನ್ನೆಯದಲ್ಲ. ದಕ್ಷಿಣ ಫ್ರಾನ್ಸಿನ ರಸ್ತೆಗಳಲ್ಲಿ ಇದಕ್ಕೆ ಎರಡು ಸಾವಿರ ವರ್ಷಗಳಿಂದ ಬೇರೆ ಬೇರೆ ಉತ್ತರಗಳು ದೊರೆತಿವೆ. ಆ ಉತ್ತರಗಳನ್ನು ನಂಬಿ ಊರುಗಳು ಹುಟ್ಟಿವೆ, ಬೆಳೆದಿವೆ. ಉತ್ತರ ಬದಲಾದಾಗ ಕೆಲವು ಊರುಗಳು ಬರಿದಾಗಿವೆ.

ಕನ್ನಡದಲ್ಲಿ ‘ಮಜಲು’ ಎಂಬ ಸೊಗಸಾದ ಮಾತಿದೆ. ಅದು ಪ್ರಯಾಣದ ಒಂದು ಹಂತವೂ ಹೌದು, ಆ ಹಂತದ ಕೊನೆಗೆ ಇಳಿದುಕೊಳ್ಳುವ ಜಾಗವೂ ಹೌದು. ಫ್ರೆಂಚರ ‘ಎತಾಪ್’ ಎಂಬ ಪದಕ್ಕೂ ಇವೆರಡು ಅರ್ಥಗಳಿವೆ. ಆ ಪದದ ಮೂಲಾರ್ಥ ಸರಕಿನ ಉಗ್ರಾಣ. ಆಮೇಲೆ ಅದು ದಂಡು ಹೋಗುವ ದಾರಿಯಲ್ಲಿ ಸೈನಿಕರಿಗಾಗಿ ಕೂಡಿಟ್ಟ ದವಸಧಾನ್ಯಕ್ಕೆ ಹೆಸರಾಯಿತು. ಅಲ್ಲಿಂದ ದಂಡು ತಂಗುವ ಊರಿಗೆ, ಕೊನೆಗೆ ಒಂದು ದಿನದ ಪ್ರಯಾಣಕ್ಕೆ ಅದೇ ಹೆಸರು ಅಂಟಿಕೊಂಡಿತು. ಟೂರ್ ದ ಫ್ರಾನ್ಸ್ ಸೈಕಲ್ ಪಂದ್ಯದ ಪ್ರತಿದಿನದ ಓಟವನ್ನೂ ಇಂದು ಎತಾಪ್ ಎಂದೇ ಕರೆಯುತ್ತಾರೆ. ಒಂದು ಪದದ ಈ ಪಯಣದಲ್ಲೇ ನಮ್ಮ ಕಥೆಯ ಸಾರವಿದೆ. ಎಲ್ಲಿ ಆಹಾರ ಸಿಗುತ್ತದೋ ಅಲ್ಲಿ ತಂಗಬೇಕು. ಜನ ಎಲ್ಲಿ ತಂಗುತ್ತಾರೋ ಅಲ್ಲಿ ಊರು ಬೆಳೆಯುತ್ತದೆ.

ರೋಮನ್ನರ ಲೆಕ್ಕ

ಕ್ರಿ.ಪೂ. 118ರ ಸುಮಾರಿಗೆ ರೋಮಿನ ಸೇನಾನಿ ಗ್ನೇಯಸ್ ಡೊಮಿಟಿಯಸ್ ಅಹೆನೊಬಾರ್ಬಸ್, ಇಟಲಿಯನ್ನೂ ಸ್ಪೇನನ್ನೂ ಕೂಡಿಸುವ ಹೆದ್ದಾರಿಯೊಂದನ್ನು ಇಂದಿನ ದಕ್ಷಿಣ ಫ್ರಾನ್ಸಿನ ಮೂಲಕ ಹಾಯಿಸಿದ. ಆಲ್ಪ್ಸ್ ಪರ್ವತದಿಂದ ಇಳಿದು, ರೋನ್ ನದಿಯನ್ನು ದಾಟಿ, ನೀಮ್, ಬೆಝಿಯೆ, ನಾರ್ಬಾನ್ ಪಟ್ಟಣಗಳನ್ನು ಹಾದು ಪಿರೆನೀಸ್ ಪರ್ವತದ ಕಡೆ ಸಾಗುವ ಈ ದಾರಿಗೆ ಅವನ ಹೆಸರಿನಿಂದಲೇ ‘ವಿಯಾ ಡೊಮಿಟಿಯಾ’ ಎಂಬ ಹೆಸರು ಬಂತು. ನಾರ್ಬಾನ್ ಪಟ್ಟಣದ ಪುರಭವನದ ಮುಂದಿನ ಚೌಕದಲ್ಲಿ 1997ರಲ್ಲಿ ನೆಲ ಅಗೆಯುವಾಗ ಈ ರಸ್ತೆಯ ಒಂದು ತುಣುಕು ಹಾಗೆಯೇ ಸಿಕ್ಕಿತು. ಈಗ ಅದನ್ನು ತೆರೆದಿಟ್ಟಿದ್ದಾರೆ. ಮಕ್ಕಳು ಆ ಹಾಸುಗಲ್ಲುಗಳ ಮೇಲೆ ಕೂತು ಐಸ್‌ಕ್ರೀಮ್ ತಿನ್ನುವುದುಂಟು.

ರೋಮನ್ನರು ರಸ್ತೆ ಹಾಕಿ ಸುಮ್ಮನಾಗಲಿಲ್ಲ. ಕ್ರಮೇಣ ಅದರುದ್ದಕ್ಕೂ ಎರಡು ಬಗೆಯ ನಿಲುಗಡೆಗಳು ಎದ್ದವು. ಮೊದಲನೆಯದು ‘ಮ್ಯುಟೇಷಿಯೊ’. ಇಲ್ಲಿ ದಣಿದ ಪ್ರಾಣಿಯನ್ನು ಬಿಟ್ಟು ಹೊಸದನ್ನು ಹೂಡಿಕೊಂಡು ಮುಂದೆ ಸಾಗಬೇಕು. ಎರಡನೆಯದು ‘ಮ್ಯಾನ್ಷಿಯೊ’. ಇಲ್ಲಿ ಊಟ, ಸ್ನಾನ, ಹಾಸಿಗೆ ಎಲ್ಲವೂ ಸಿಗುತ್ತಿತ್ತು. ಕ್ರಿ.ಶ. 333ರಲ್ಲಿ ಬೋರ್ಡೋ ಪಟ್ಟಣದಿಂದ ಜೆರುಸಲೇಮಿಗೆ ಯಾತ್ರೆ ಹೊರಟ ಕ್ರೈಸ್ತ ಯಾತ್ರಿಕನೊಬ್ಬ ದಾರಿಯ ನಿಲುಗಡೆಗಳನ್ನೆಲ್ಲ ಪಟ್ಟಿ ಮಾಡಿಟ್ಟಿದ್ದಾನೆ. ಅವನ ಹೆಸರು ಉಳಿದಿಲ್ಲ, ಪಟ್ಟಿ ಉಳಿದಿದೆ. ಅದರ ಪ್ರಕಾರ ಬೋರ್ಡೋದಿಂದ ತುಲೂಸ್, ನಾರ್ಬಾನ್, ನೀಮ್ ಮಾರ್ಗವಾಗಿ ಆರ್ಲ್ ಪಟ್ಟಣದವರೆಗೆ ಪ್ರಾಣಿ ಬದಲಿಸುವ ಜಾಗಗಳು 30, ರಾತ್ರಿ ತಂಗುವ ಜಾಗಗಳು 11. ಇಂದಿನ ಲೆಕ್ಕದಲ್ಲಿ ಈ ದಾರಿ ಸುಮಾರು 550 ಕಿ.ಮೀ. ಅಂದರೆ ಒಂದು ದಿನದ ಮಜಲು ಸರಾಸರಿ 50 ಕಿ.ಮೀ.

ಆ ಪಟ್ಟಿಯಲ್ಲಿ ಅಂಬ್ರುಸಮ್ ಎಂಬ ನಿಲುಗಡೆ ಬರುತ್ತದೆ. ನೀಮ್ ಪಟ್ಟಣದಿಂದ ಅದು 15 ರೋಮನ್ ಮೈಲಿ, ಎಂದರೆ ಸುಮಾರು 22 ಕಿ.ಮೀ. ಇಟಲಿಯ ವಿಕರೆಲ್ಲೊ ಎಂಬಲ್ಲಿ 1852ರಲ್ಲಿ ಸಿಕ್ಕಿದ ನಾಲ್ಕು ಬೆಳ್ಳಿ ಲೋಟಗಳ ಮೇಲೂ ಈ ಹೆಸರು ಕೆತ್ತಿದೆ. ಸ್ಪೇನಿನ ಕಾದಿಸ್ ಪಟ್ಟಣದಿಂದ ರೋಮಿನವರೆಗಿನ ನೂರಕ್ಕೂ ಹೆಚ್ಚು ನಿಲುಗಡೆಗಳನ್ನೂ ಅವುಗಳ ನಡುವಿನ ದೂರವನ್ನೂ ಆ ಲೋಟಗಳ ಮೈತುಂಬ ಬರೆಯಲಾಗಿದೆ. ಕುಡಿಯುವ ಲೋಟವೇ ದಾರಿ ತೋರುವ ಕೈಪಿಡಿ!

ಅಂಬ್ರುಸಮ್ ಇರುವುದು ವಿದೂರ್ಲ್ ಎಂಬ ಹೊಳೆಯ ದಂಡೆಯಲ್ಲಿ. ಗುಡ್ಡದ ಮೇಲೆ ಹಳೆಯ ಊರು, ಕೆಳಗೆ ಹೊಳೆ ದಾಟುವ ಸೇತುವೆಯ ಬಳಿ ತಂಗುದಾಣ. ಉತ್ಖನನದಲ್ಲಿ ವಸತಿಗೃಹ, ಸ್ನಾನಗೃಹ, ಬಂಡಿ ನಿಲ್ಲಿಸುವ ಅಂಗಳ ಬೆಳಕಿಗೆ ಬಂದಿವೆ. ಗುಡ್ಡ ಹತ್ತುವ ಕಲ್ಲುಹಾಸಿನ ಮೇಲೆ ಬಂಡಿಗಾಲಿಗಳು ಕೊರೆದ ಗಾಡಿಜಾಡು ಇಂದಿಗೂ ಆಳವಾಗಿ ಕಾಣುತ್ತದೆ. ವಿಶೇಷವೆಂದರೆ ಮೇಲಿನ ಊರು ಮೊದಲು ಬರಿದಾಯಿತು. ಕೆಳಗಿನ ತಂಗುದಾಣ ಆಮೇಲೂ ಬಹುಕಾಲ ಬಾಳಿತು. ಊರಿಗೆ ರಸ್ತೆ ಬೇಕಿತ್ತೇ ಹೊರತು ರಸ್ತೆಗೆ ಊರು ಬೇಕಿರಲಿಲ್ಲ. ಕೊನೆಗೆ ಹೆದ್ದಾರಿಯೇ ಬೇರೆ ಕಡೆ ಸರಿದಾಗ ಅದೂ ಮುಗಿಯಿತು. ಸೇತುವೆಯ ಕಮಾನುಗಳು ಒಂದೊಂದಾಗಿ ಹೊಳೆಯ ಪಾಲಾದವು. 1933ರ ಪ್ರವಾಹದ ನಂತರ ಉಳಿದಿರುವುದು ಒಂದೇ ಕಮಾನು. ಅದು ಎರಡೂ ದಡಗಳನ್ನು ಮುಟ್ಟದೆ ನೀರಿನ ನಡುವೆ ಒಂಟಿಯಾಗಿ ನಿಂತಿದೆ.

ಈ ಸರಕಾರಿ ವ್ಯವಸ್ಥೆ ಎಲ್ಲರಿಗೂ ತೆರೆದಿರಲಿಲ್ಲ ಎಂಬುದನ್ನು ಮರೆಯಬಾರದು. ಸಾಮ್ರಾಟನ ಹೆಸರಿನ ಪರವಾನಗಿ ಪತ್ರ ಇದ್ದವರಿಗೆ ಮಾತ್ರ ಸರಕಾರಿ ಪ್ರಾಣಿಗಳೂ ಸರಕಾರಿ ಹಾಸಿಗೆಯೂ ಸಿಗುತ್ತಿದ್ದವು. ಉಳಿದವರು ದಾರಿಬದಿಯ ಖಾಸಗಿ ಛತ್ರಗಳಲ್ಲಿ ಹಣ ಕೊಟ್ಟು ಮಲಗಬೇಕಿತ್ತು. ಬಂಡಿ, ಎತ್ತು, ಹೇಸರಗತ್ತೆ, ಮೇವು ಒದಗಿಸುವ ಹೊರೆ ಮಾತ್ರ ಸುತ್ತಲಿನ ಹಳ್ಳಿಗರ ತಲೆಯ ಮೇಲೆ. ಇಂದು ಬೆಂಗಳೂರಿನಿಂದಲೋ ಮಂಗಳೂರಿನಿಂದಲೋ ಫ್ರಾನ್ಸಿಗೆ ಹೊರಡುವ ಕುಟುಂಬಕ್ಕೂ ಪರವಾನಗಿಯ ಈ ಅನುಭವ ತೀರ ಅಪರಿಚಿತವಲ್ಲ. ಷೆಂಗನ್ ವೀಸಾಕ್ಕೆ ಅರ್ಜಿ ಹಾಕುವಾಗ ಯಾವ ರಾತ್ರಿ ಎಲ್ಲಿ ತಂಗುತ್ತೀರಿ ಎಂಬುದಕ್ಕೆ ಪುರಾವೆ ಕೊಡಬೇಕು. ಹೀಗಾಗಿ ನಮ್ಮವರ ಪಾಲಿಗೆ ತಂಗುದಾಣದ ಆಯ್ಕೆ ಪ್ರಯಾಣದ ಸಂಜೆ ನಡೆಯುವ ಕೆಲಸವಲ್ಲ. ಮನೆ ಬಿಡುವ ಮೊದಲೇ ಮುಗಿಯಬೇಕಾದ ಕೆಲಸ.

ಗಂಟೆಯ ದನಿ ಹಿಡಿದು

ರೋಮನ್ ಸಾಮ್ರಾಜ್ಯ ಕುಸಿದ ಮೇಲೆ ಸರಕಾರಿ ತಂಗುದಾಣಗಳೂ ಕುಸಿದವು. ಅವುಗಳ ಜಾಗಕ್ಕೆ ಬಂದದ್ದು ಮಠಗಳು. ಸ್ಪೇನಿನ ಸಾಂತಿಯಾಗೊ ದ ಕೊಂಪೊಸ್ತೆಲಾಕ್ಕೆ ಹೋಗುವ ಯಾತ್ರಿಕರ ದಾರಿಗಳು ಹನ್ನೆರಡನೆಯ ಶತಮಾನದ ಹೊತ್ತಿಗೆ ದಕ್ಷಿಣ ಫ್ರಾನ್ಸನ್ನು ಗೆರೆ ಎಳೆದಂತೆ ಹಾದುಹೋಗಿದ್ದವು. ಆ ಕಾಲದ ಯಾತ್ರಾ ಕೈಪಿಡಿಯೊಂದು ನಾಲ್ಕು ಮುಖ್ಯ ದಾರಿಗಳನ್ನು ಹೆಸರಿಸುತ್ತದೆ. ಒಂದು ಸೇಂಟ್ ಜೀಲ್, ಮೊಂಪೆಲಿಯೆ, ತುಲೂಸ್ ಮಾರ್ಗವಾಗಿ ಹೋಗುವುದು. ಇನ್ನೊಂದು ಲ ಪುಯ್, ಕೊಂಕ್, ಮ್ವಾಸಾಕ್ ಮಾರ್ಗವಾಗಿ ಹೋಗುವುದು. ಉಳಿದೆರಡು ಉತ್ತರದಿಂದ ಇಳಿದು ಬರುವಂಥವು. ಈ ಕೈಪಿಡಿಯಲ್ಲಿ ಸಂತರ ಸಮಾಧಿಗಳ ವರ್ಣನೆಯ ಜೊತೆಗೆ ಯಾವ ನದಿಯ ನೀರು ಕುಡಿಯಬಹುದು, ಯಾವುದನ್ನು ಕುಡಿಯಬಾರದು, ಎಲ್ಲಿಯ ದೋಣಿಕಾರರು ಮೋಸ ಮಾಡುತ್ತಾರೆ ಎಂಬ ಸಲಹೆಗಳೂ ಇವೆ. ಪ್ರವಾಸಿ ಕೈಪಿಡಿಗಳ ಸ್ವಭಾವ ಎಂಟು ಶತಮಾನಗಳಲ್ಲಿ ಹೆಚ್ಚು ಬದಲಾಗಿಲ್ಲ!

ಲ ಪುಯ್ ಮಾರ್ಗದಲ್ಲಿ ಒಬ್ರಾಕ್ ಎಂಬ ಎತ್ತರದ ಬಯಲಿದೆ. ಸಮುದ್ರ ಮಟ್ಟದಿಂದ ಸುಮಾರು 1,300 ಮೀಟರ್ ಎತ್ತರ. ಮರ ವಿರಳ, ಚಳಿಗಾಲದಲ್ಲಿ ದಟ್ಟ ಹಿಮ, ಉಳಿದ ಕಾಲದಲ್ಲಿ ಮುಂಗಾಣದ ಮಂಜು. ಕಳ್ಳಕಾಕರ ಭಯ ಬೇರೆ. ಅದಲಾರ್ ಎಂಬ ಫ್ಲಾಂಡರ್ಸ್ ನಾಡಿನ ಶ್ರೀಮಂತ 1120ರ ಸುಮಾರಿಗೆ ಇಲ್ಲಿ ಯಾತ್ರಿಕರಿಗಾಗಿ ಒಂದು ಆಶ್ರಯಧಾಮ ಕಟ್ಟಿಸಿದ. ಮಂಜು ಕವಿದಾಗ, ಹಿಮ ಸುರಿದಾಗ ಅಲ್ಲಿಯ ಗಂಟೆಯನ್ನು ಬಾರಿಸುತ್ತಿದ್ದರು. ದಾರಿ ತಪ್ಪಿದವರು ಆ ದನಿಯನ್ನು ಹಿಡಿದು ಬಂದು ಸೇರಬೇಕು. ಅದಕ್ಕೆ ‘ದಾರಿ ತಪ್ಪಿದವರ ಗಂಟೆ’ ಎಂದೇ ಹೆಸರು. ಆಲೂಗೆಡ್ಡೆಯನ್ನೂ ತಾಜಾ ಗಿಣ್ಣನ್ನೂ ಕಲಸಿ ಮಾಡುವ ‘ಅಲಿಗೊ’ ಎಂಬ ಒಬ್ರಾಕಿನ ಪ್ರಸಿದ್ಧ ತಿನಿಸು, ಇಲ್ಲಿಯ ಸನ್ಯಾಸಿಗಳು ಯಾತ್ರಿಕರಿಗೆ ಬಡಿಸುತ್ತಿದ್ದ ಊಟದಿಂದ ಬಂದದ್ದು ಎಂಬ ಪ್ರತೀತಿ ಇದೆ. ಆಗ ಯುರೋಪಿಗೆ ಆಲೂಗೆಡ್ಡೆ ಬಂದಿರಲಿಲ್ಲವಾದ್ದರಿಂದ ಅವರು ಕಲಸುತ್ತಿದ್ದುದು ರೊಟ್ಟಿಯನ್ನು.

ಸೇತುವೆಗಳೂ ಮಜಲುಗಳಾದವು. ರೋನ್ ನದಿ ಅಗಲ, ಸೆಳೆತವೂ ಹೆಚ್ಚು. ಅವಿಂಯೋ ಪಟ್ಟಣದ ಸೇತುವೆಯನ್ನು 1177ರಿಂದ 1185ರ ನಡುವೆ ಕಟ್ಟಿದರು. ಅದಕ್ಕೂ ಮೇಲೆ ಪೋಂ ಸೇಂಟ್ ಎಸ್ಪ್ರೀ ಎಂಬಲ್ಲಿ 1265ರಲ್ಲಿ ಶುರುವಾದ ಸೇತುವೆ ಮುಗಿದದ್ದು 1309ರಲ್ಲಿ. ಊರಿನ ಹೆಸರೇ ‘ಪವಿತ್ರಾತ್ಮನ ಸೇತುವೆ’ ಎಂದಾಯಿತು. ಸೇತುವೆಯ ಮಗ್ಗುಲಲ್ಲೇ ಯಾತ್ರಿಕರಿಗೂ ರೋಗಿಗಳಿಗೂ ಆಶ್ರಯ ಕೊಡುವ ಮನೆ ಎದ್ದಿತು. ನದಿ ದಾಟುವ ಮುನ್ನ ಒಂದು ರಾತ್ರಿ ಇಲ್ಲವೇ ದಾಟಿದ ಮೇಲೆ ಒಂದು ರಾತ್ರಿ: ಇದು ಆ ಕಾಲದ ನಿಯಮ.

ಒಬ್ಬ ವೈದ್ಯನ ಸಂಸಾರ ಪ್ರಯಾಣ

ಮಠದ ಊಟ ಪುಣ್ಯಕ್ಕೆ ಸಿಗುತ್ತಿತ್ತು. ಹದಿನೆಂಟನೆಯ ಶತಮಾನದ ಹೊತ್ತಿಗೆ ದಾರಿಯ ಊಟ ಪೂರ್ತಿ ವ್ಯಾಪಾರವಾಗಿತ್ತು. ಆ ಕಾಲದ ಒಂದು ಕುಟುಂಬದ ಪ್ರಯಾಣ ಪುಸ್ತಕ ರೂಪದಲ್ಲಿ ಉಳಿದಿದೆ. ಟೊಬಾಯಸ್ ಸ್ಮಾಲೆಟ್ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಶಸ್ತ್ರವೈದ್ಯ, ಹೆಸರಾಂತ ಕಾದಂಬರಿಕಾರ. 1763ರ ವಸಂತದಲ್ಲಿ ಅವನ ಒಬ್ಬಳೇ ಮಗಳು, ಹದಿನೈದು ವರ್ಷದ ಎಲಿಜಬೆತ್, ತೀರಿಕೊಂಡಳು. ಅವನ ಶ್ವಾಸಕೋಶವೂ ಕೆಟ್ಟಿತ್ತು. ದುಃಖ ಮರೆಯಲು, ಬಿಸಿಲಿನ ನಾಡಿನಲ್ಲಿ ಆರೋಗ್ಯ ಸುಧಾರಿಸಿಕೊಳ್ಳಲು, ಹೆಂಡತಿಯನ್ನೂ ಆಶ್ರಯದಲ್ಲಿದ್ದ ಇಬ್ಬರು ತರುಣಿಯರನ್ನೂ ಸೇವಕನನ್ನೂ ಕರೆದುಕೊಂಡು ಅವನು ದಕ್ಷಿಣ ಫ್ರಾನ್ಸಿನತ್ತ ಹೊರಟ.

ಫ್ರಾನ್ಸಿನ ರಾಜರು ಹದಿನೈದನೆಯ ಶತಮಾನದಿಂದ ಕಟ್ಟಿಕೊಂಡು ಬಂದ ಅಂಚೆಕುದುರೆಗಳ ಏರ್ಪಾಡು ಆಗ ಚಾಲ್ತಿಯಲ್ಲಿತ್ತು. ಹೆದ್ದಾರಿಯ ನಿಗದಿತ ಲಾಯಗಳಲ್ಲಿ ಕುದುರೆ ಬದಲಿಸುತ್ತ ಓಡಬಹುದು. ಆದರೆ ಅದು ದುಬಾರಿ. ಲಾಯದ ಒಡೆಯನದೇ ಏಕಸ್ವಾಮ್ಯ. ಸ್ಮಾಲೆಟ್ ಲಿಯೋನ್ ಪಟ್ಟಣದಿಂದ ಮೊಂಪೆಲಿಯೆಗೆ ಹೇಸರಗತ್ತೆಗಳು ಎಳೆಯುವ ಬಾಡಿಗೆ ಗಾಡಿ ಗೊತ್ತುಮಾಡಿದ. ಅವು ನಿಧಾನ, ಆದರೆ ದಾರಿಯುದ್ದಕ್ಕೂ ಅವೇ ಪ್ರಾಣಿಗಳು. ಅವು ದಣಿದ ಊರಿನಲ್ಲಿ ಇವರು ಮಲಗಬೇಕು. ಊಟ, ಹಾಸಿಗೆಗಳ ಗುಣಮಟ್ಟವನ್ನು ಹೀಗೆ ಹೇಸರಗತ್ತೆಗಳೇ ನಿರ್ಧರಿಸುತ್ತಿದ್ದವು.

ಪೋಂ ದು ಗಾರ್ ಎಂಬ ರೋಮನ್ ಮೇಲ್ಗಾಲುವೆಯನ್ನೂ ನೀಮ್ ಪಟ್ಟಣದ ರೋಮನ್ ದೇವಾಲಯವನ್ನೂ ಕಂಡು ಮೈಮರೆತ ಈ ಮನುಷ್ಯ, ವಸತಿಗೃಹಗಳನ್ನು ಕಂಡೊಡನೆ ಸಿಡುಕುತ್ತಿದ್ದ. ದೊಡ್ಡ ಪಟ್ಟಣಗಳನ್ನು ಬಿಟ್ಟರೆ ದಕ್ಷಿಣದ ವಸತಿಗೃಹಗಳೆಲ್ಲ ಥಂಡಿ, ಕತ್ತಲೆ, ಕೊಳಕು. ಒಡೆಯರು ಒರಟರು, ಸುಲಿಗೆಕೋರರು ಎಂದು ದೂರಿದ. ಬ್ರಿಂಯೋಲ್ ಎಂಬ ಊರಿನಲ್ಲಿ ಮಧ್ಯಾಹ್ನದ ಊಟಕ್ಕೆ ಇಳಿದಾಗ ಅಂದು ಕ್ಯಾಥೊಲಿಕರಿಗೆ ಮಾಂಸ ವರ್ಜ್ಯದ ದಿನ. ಮನೆಯೊಡತಿ ಮಾಂಸದ ಅಡುಗೆ ಮಾಡಲೊಲ್ಲಳು. ಸ್ಮಾಲೆಟ್ ಜಗಳಕ್ಕೆ ನಿಂತು, ಎದ್ದು ಹೋಗುವುದಾಗಿ ಬೆದರಿಸಿದ ಮೇಲೆ ಆಕೆ ಮಣಿದಳು. ಈ ಅನುಭವಗಳೆಲ್ಲ 1766ರಲ್ಲಿ ಪತ್ರಗಳ ರೂಪದಲ್ಲಿ ಪುಸ್ತಕವಾಗಿ ಬಂದವು. ಎರಡು ವರ್ಷಗಳ ಬಳಿಕ ಲಾರೆನ್ಸ್ ಸ್ಟರ್ನ್ ಎಂಬ ಇನ್ನೊಬ್ಬ ಲೇಖಕ ತನ್ನ ಪ್ರವಾಸ ಕೃತಿಯಲ್ಲಿ ‘ಸ್ಮೆಲ್‌ಫಂಗಸ್’ ಎಂಬ ಪಾತ್ರ ಸೃಷ್ಟಿಸಿ ಈ ಸಿಡುಕನ್ನು ಗೇಲಿ ಮಾಡಿದ. ಗೇಲಿ ಸರಿಯೇ ಇರಬಹುದು. ಆದರೆ ಮಗಳನ್ನು ಕಳೆದುಕೊಂಡು, ಕೆಮ್ಮುತ್ತ, ಅಳುವ ಹೆಂಡತಿಯನ್ನು ಕರೆದುಕೊಂಡು ಹೊರಟವನಿಗೆ ಬೆಚ್ಚಗಿನ ಕೋಣೆಯೊಂದು ಎಷ್ಟು ದೊಡ್ಡ ವಿಷಯ ಎಂಬುದನ್ನೂ ನಾವು ನೆನೆಯಬೇಕು.

ನೀರಿನ ದಾರಿಯ ನಾಲ್ಕು ದಿನ

ಅದೇ ಕಾಲದಲ್ಲಿ ಇನ್ನೂ ನೆಮ್ಮದಿಯ ಪ್ರಯಾಣವೊಂದು ದಕ್ಷಿಣದಲ್ಲಿ ಸಾಧ್ಯವಿತ್ತು. ಅದು ರಸ್ತೆಯ ಮೇಲಲ್ಲ, ನೀರಿನ ಮೇಲೆ. ಪಿಯೆರ್ ಪೋಲ್ ರಿಕೆ ಎಂಬ ಉಪ್ಪಿನ ತೆರಿಗೆಯ ಗುತ್ತಿಗೆದಾರ, ಹದಿನಾಲ್ಕನೆಯ ಲೂಯಿಯ ಅಪ್ಪಣೆ ಪಡೆದು, 1666ರಲ್ಲಿ ತುಲೂಸ್ ಪಟ್ಟಣದಿಂದ ಮೆಡಿಟರೇನಿಯನ್ ತೀರದವರೆಗೆ ಕಾಲುವೆ ತೋಡಿಸಲು ತೊಡಗಿದ. ಉದ್ದ ಸುಮಾರು 240 ಕಿ.ಮೀ. 1681ರಲ್ಲಿ ಕಾಲುವೆ ತೆರೆಯಿತು; ಅದಕ್ಕೆ ಕೆಲವೇ ತಿಂಗಳ ಮೊದಲು, 1680ರಲ್ಲಿ, ರಿಕೆ ಸಾಲಗಾರನಾಗಿ ತೀರಿಕೊಂಡ. ಇದೇ ಇಂದಿನ ಕನಾಲ್ ದು ಮಿದಿ.

ದಂಡೆಯ ಮೇಲೆ ನಡೆಯುವ ಪ್ರಾಣಿಗಳು ಎಳೆಯುವ ದೋಣಿಯಲ್ಲಿ ತುಲೂಸಿನಿಂದ ಆಗ್ದ್ ಪಟ್ಟಣಕ್ಕೆ ನಾಲ್ಕು ದಿನ. ಮಧ್ಯಾಹ್ನದ ಊಟಕ್ಕೆ ಒಂದು ಜಾಗ, ರಾತ್ರಿ ಮಲಗಲು ಒಂದು ಜಾಗ. ಎರಡಕ್ಕೂ ಪ್ರತ್ಯೇಕ ಹೆಸರು: ‘ದಿನೇ’ ಮತ್ತು ‘ಕುಶೇ’. ಮೊದಲ ದಿನ ನೆಗ್ರಾದಲ್ಲಿ ಊಟ, ಕಾಸ್ತೆಲ್‌ನೋದಾರಿಯಲ್ಲಿ ನಿದ್ದೆ. ಎರಡನೆಯ ರಾತ್ರಿ ಟ್ರೆಬ್. ಮೂರನೆಯ ರಾತ್ರಿ ಲ ಸೊಮಾಯ್. ನೆಗ್ರಾದಲ್ಲಾಗಲಿ ಲ ಸೊಮಾಯಿನಲ್ಲಾಗಲಿ ಇಂದು ನಿಂತು ನೋಡಿದರೆ ಆ ವ್ಯವಸ್ಥೆಯ ಅಚ್ಚುಕಟ್ಟು ಕಾಣುತ್ತದೆ: ಕಾಲುವೆಯ ಅಂಚಿನಲ್ಲೇ ವಸತಿಗೃಹ, ಲಾಯ, ಪಕ್ಕದಲ್ಲಿ ಪುಟ್ಟ ಪ್ರಾರ್ಥನಾ ಮಂದಿರ. ಹೊಟ್ಟೆಗೆ, ಪ್ರಾಣಿಗೆ, ಆತ್ಮಕ್ಕೆ ಮೂರಕ್ಕೂ ಏರ್ಪಾಡು. ಇಲ್ಲಿ ಪ್ರಯಾಣಿಕನು ಆಯ್ಕೆ ಮಾಡುವ ಕಷ್ಟವೇ ಇರಲಿಲ್ಲ. ದೋಣಿ ನಿಂತಲ್ಲಿ ಇಳಿ, ಬಡಿಸಿದ್ದನ್ನು ತಿನ್ನು, ಮಲಗು.

1857ರಲ್ಲಿ ಬೋರ್ಡೋದಿಂದ ಮೆಡಿಟರೇನಿಯನ್ ತೀರದ ಸೆತ್ ಬಂದರಿಗೆ ರೈಲು ಓಡಿತು. ನಾಲ್ಕು ದಿನದ ದಾರಿ ಕೆಲವು ಗಂಟೆಗಳದಾಯಿತು. ಲ ಸೊಮಾಯಿನಲ್ಲಿ ಮಲಗಬೇಕಾದ ಅಗತ್ಯ ಯಾರಿಗೂ ಉಳಿಯಲಿಲ್ಲ. ರೋನ್ ಕಣಿವೆಯಲ್ಲಿಯೂ ಇದೇ ಕಥೆ. ರೈಲು ಬಂದ ಮೇಲೆ ಅಂಚೆಕುದುರೆಗಳ ಲಾಯಗಳು ಮುಚ್ಚುತ್ತ ಹೋದವು. 1873ರಲ್ಲಿ ಸರಕಾರ ಆ ಏರ್ಪಾಡನ್ನೇ ರದ್ದು ಮಾಡಿತು. ರೈಲಿಗೂ ನಿಲ್ದಾಣಗಳಿದ್ದವು ನಿಜ. ಆದರೆ ರೈಲಿನವರು ಗಾಡಿಯಲ್ಲೇ ಮಲಗುತ್ತಾರೆ. ದಾರಿಯ ಊರುಗಳಿಗೆ ಹೊಗೆ ಮಾತ್ರ ಉಳಿಯಿತು.

ಟೈರು ಮಾರುವವರ ಪುಸ್ತಕ

ಸತ್ತುಹೋಗಿದ್ದ ದಾರಿಬದಿಯ ವಸತಿಗೃಹಗಳಿಗೆ ಮತ್ತೆ ಜೀವ ಕೊಟ್ಟದ್ದು ಮೋಟಾರು ಕಾರು. 1900ರಲ್ಲಿ ಮಿಶೆಲಿನ್ ಸಹೋದರರಾದ ಆಂದ್ರೆ ಮತ್ತು ಎದುವಾರ್ ಒಂದು ಕೆಂಪು ಹೊದಿಕೆಯ ಪುಸ್ತಕ ಅಚ್ಚು ಹಾಕಿಸಿ ಉಚಿತವಾಗಿ ಹಂಚಿದರು. ಪ್ರತಿಗಳು ಸುಮಾರು 35,000. ಆಗ ಫ್ರಾನ್ಸಿನಲ್ಲಿದ್ದ ಕಾರುಗಳ ಸಂಖ್ಯೆ ಕೆಲವೇ ಸಾವಿರ! ಟೈರು ಬದಲಿಸುವುದು ಹೇಗೆ, ಪೆಟ್ರೋಲು ಎಲ್ಲಿ ಸಿಗುತ್ತದೆ, ಮೆಕ್ಯಾನಿಕ್ ಎಲ್ಲಿದ್ದಾನೆ, ರಾತ್ರಿ ಎಲ್ಲಿ ಮಲಗಬಹುದು ಎಂಬ ವಿವರಗಳು ಅದರಲ್ಲಿದ್ದವು. ಜನ ಹೆಚ್ಚು ದೂರ ಹೋದಷ್ಟೂ ಟೈರು ಸವೆಯುತ್ತದೆ ಎಂಬುದು ಸಹೋದರರ ಸರಳ ಲೆಕ್ಕ.

1926ರಲ್ಲಿ ಒಳ್ಳೆಯ ಊಟದ ಮನೆಗಳಿಗೆ ನಕ್ಷತ್ರ ಗುರುತು ಕೊಡುವ ಪದ್ಧತಿ ಶುರುವಾಯಿತು. ಮುಂದೆ ನಕ್ಷತ್ರಗಳು ಮೂರಾದವು. ಅವುಗಳ ಅರ್ಥವನ್ನು ಗಮನಿಸಿದರೆ ಇದು ಅಡುಗೆಯ ಪರೀಕ್ಷೆಯಷ್ಟೇ ಅಲ್ಲ, ದಾರಿಯ ಲೆಕ್ಕವೂ ಹೌದು ಎಂಬುದು ಗೊತ್ತಾಗುತ್ತದೆ. ಎರಡು ನಕ್ಷತ್ರವೆಂದರೆ ದಾರಿ ಬಳಸಿಯಾದರೂ ಹೋಗಬಹುದು. ಮೂರು ನಕ್ಷತ್ರವೆಂದರೆ ಅದಕ್ಕಾಗಿಯೇ ಪ್ರಯಾಣ ಹೊರಡಬಹುದು. ಲಿಯೋನ್ ಪಟ್ಟಣದಿಂದ ದಕ್ಷಿಣಕ್ಕೆ ಸುಮಾರು 30 ಕಿ.ಮೀ. ದೂರದ ವಿಯೆನ್ ಊರಿನಲ್ಲಿ ಫೆರ್ನಾಂ ಪೊಯಿಂ ನಡೆಸುತ್ತಿದ್ದ ‘ಲಾ ಪಿರಮೀಡ್’ 1933ರಲ್ಲಿ ಮೂರು ನಕ್ಷತ್ರ ಪಡೆದ ಮೊದಲ ತಂಡದಲ್ಲಿತ್ತು. ಅರ್ದೆಶ್ ಬೆಟ್ಟಗಳಲ್ಲಿ ಹೆಸರು ಮಾಡಿದ್ದ ಆಂದ್ರೆ ಪಿಕ್ ಎಂಬ ಬಾಣಸಿಗ 1936ರಲ್ಲಿ ಬೆಟ್ಟ ಇಳಿದು ವಾಲಾನ್ಸ್ ಪಟ್ಟಣದಲ್ಲಿ ಅಂಗಡಿ ತೆರೆದ. ಕಾರಣ ಸ್ಪಷ್ಟ: ಪ್ಯಾರಿಸಿನಿಂದ ಮೆಡಿಟರೇನಿಯನ್ ತೀರಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 7 ಅಲ್ಲಿ ಹಾಯುತ್ತಿತ್ತು. ಅದೇ ಮನೆಯಲ್ಲಿ ಅವನ ಮೊಮ್ಮಗಳು ಆನ್ ಸೋಫಿ ಪಿಕ್ 2007ರಲ್ಲಿ ಮೂರು ನಕ್ಷತ್ರ ಗಳಿಸಿದಳು.

1936 ಇನ್ನೊಂದು ಕಾರಣಕ್ಕೂ ಮುಖ್ಯ. ಆ ವರ್ಷ ಜೂನ್ ತಿಂಗಳಲ್ಲಿ ಫ್ರಾನ್ಸಿನ ಸರಕಾರ ಎಲ್ಲ ನೌಕರರಿಗೂ ವರ್ಷಕ್ಕೆ ಎರಡು ವಾರದ ಸಂಬಳ ಸಹಿತ ರಜೆ ಕೊಡುವ ಕಾಯಿದೆ ತಂದಿತು. ಅಲ್ಲಿಯವರೆಗೆ ದಕ್ಷಿಣದ ಕಡಲತೀರ ಶ್ರೀಮಂತರ ಚಳಿಗಾಲದ ಬಿಡಾರವಾಗಿತ್ತು. ಇನ್ನು ಮುಂದೆ ಅದು ಗುಮಾಸ್ತರ, ಕಾರ್ಮಿಕರ ಬೇಸಗೆಯ ಕನಸಾಯಿತು. ರಜೆ 1956ರಲ್ಲಿ ಮೂರು ವಾರ, 1969ರಲ್ಲಿ ನಾಲ್ಕು, 1982ರಲ್ಲಿ ಐದು ವಾರಗಳಿಗೆ ಏರಿತು. ಯುದ್ಧಾನಂತರದ ವರ್ಷಗಳಲ್ಲಿ ಪುಟ್ಟ ಕಾರುಗಳ ಮಾಡಿನ ಮೇಲೆ ಗಂಟುಮೂಟೆ, ಹಿಂದಿನ ಸೀಟಿನಲ್ಲಿ ಮೂರು ಮಕ್ಕಳನ್ನು ತುಂಬಿಕೊಂಡು ಸಂಸಾರಗಳು ಹೆದ್ದಾರಿ 7ರಲ್ಲಿ ದಕ್ಷಿಣಕ್ಕೆ ಹರಿದವು. ಸುಮಾರು ಸಾವಿರ ಕಿ.ಮೀ. ಉದ್ದದ ಆ ದಾರಿಯನ್ನು ಒಂದೇ ದಿನದಲ್ಲಿ ಮುಗಿಸುವುದು ಆಗದ ಮಾತು. ಗಾಯಕ ಶಾರ್ಲ್ ತ್ರೆನೆ 1955ರಲ್ಲಿ ಆ ರಸ್ತೆಯ ಮೇಲೆಯೇ ಹಾಡು ಕಟ್ಟಿ ಜನಪ್ರಿಯಗೊಳಿಸಿದ.

ಬೇರೆ ಬೇರೆ ಜೇಬುಗಳಿಗೆ ತಕ್ಕ ತಂಗುದಾಣಗಳು ಆಗ ಹುಟ್ಟಿಕೊಂಡವು. ಲಾರಿ ಚಾಲಕರಿಗಾಗಿ ‘ರೆಲೇ ರುತಿಯೆ’ ಎಂಬ ಊಟದ ಮನೆಗಳ ಸರಣಿ 1934ರಲ್ಲೇ ಬಂದಿತ್ತು. ಅಗ್ಗದ, ಹೊಟ್ಟೆ ತುಂಬುವ ಊಟಕ್ಕೆ ಕಾರಿನವರೂ ಅಲ್ಲಿ ನಿಲ್ಲುತ್ತಿದ್ದರು. ರೋನ್ ದಂಡೆಯ ಬೇ ಎಂಬ ಹಳ್ಳಿಯಲ್ಲಿ ಹೋಟೆಲು ನಡೆಸುತ್ತಿದ್ದ ಕಲಾವಿದ ದಂಪತಿ 1954ರಲ್ಲಿ ಪ್ಯಾರಿಸ್–ನೀಸ್ ದಾರಿಯ ಎಂಟು ವಸತಿಗೃಹಗಳನ್ನು ಒಂದುಗೂಡಿಸಿದರು. ಇಂದು ಜಗತ್ತಿನಾದ್ಯಂತ ಹರಡಿರುವ ‘ರೆಲೇ ಎ ಶಾತೋ’ ಸಂಸ್ಥೆಯ ಮೂಲ ಅದೇ. ಇದಕ್ಕೆ ತದ್ವಿರುದ್ಧ ತುದಿಯಲ್ಲಿ ಹಳ್ಳಿಮನೆಗಳು. ಯುವಕರು ಪಟ್ಟಣ ಸೇರಿ ಹಳ್ಳಿಗಳು ಬರಿದಾಗುತ್ತಿದ್ದಾಗ, ಖಾಲಿ ಬಿದ್ದ ರೈತರ ಮನೆಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಟ್ಟು ರೈತರಿಗೆ ನಾಲ್ಕು ಕಾಸು ದೊರಕಿಸುವ ಯೋಚನೆ ದಕ್ಷಿಣದ ಬೆಟ್ಟ ಜಿಲ್ಲೆಯೊಂದರಲ್ಲಿ ಮೊಳೆಯಿತು. ಸೆನೆಟ್ ಸದಸ್ಯ ಎಮಿಲ್ ಒಬೇರ್ ಅದರ ರೂವಾರಿ. ಮೊದಲ ಮನೆ 1951ರಲ್ಲಿ ತೆರೆಯಿತು; 1955ರಲ್ಲಿ ‘ಝೀತ್ ದ ಫ್ರಾನ್ಸ್’ ಎಂಬ ಒಕ್ಕೂಟ ರೂಪುಗೊಂಡಿತು. ನಮ್ಮ ಮಲೆನಾಡು, ಕೊಡಗಿನವರಿಗೆ ಈಗ ಚಿರಪರಿಚಿತವಾದ ಹೋಂಸ್ಟೇ ಪದ್ಧತಿಗೆ ಇದೊಂದು ಹಿರಿಯ ಬಂಧು ಎನ್ನಬಹುದು.

ಬೈಪಾಸಿನ ಆಚೆಗೆ

ಹೆದ್ದಾರಿ 7ರ ಊರುಗಳಲ್ಲಿ ಮೊಂತೆಲಿಮಾರ್ ಹೆಸರುವಾಸಿ. ಬಾದಾಮಿ, ಜೇನು, ಮೊಟ್ಟೆಯ ಬಿಳಿಯಿಂದ ಮಾಡುವ ‘ನೂಗಾ’ ಎಂಬ ಮಿಠಾಯಿ ಅಲ್ಲಿಯ ವಿಶೇಷ. ಆಗಸ್ಟ್ ತಿಂಗಳಲ್ಲಿ ಊರೊಳಗೆ ಕಾರುಗಳು ಗಂಟೆಗಟ್ಟಲೆ ಸಿಕ್ಕಿಬೀಳುತ್ತಿದ್ದವು. ವ್ಯಾಪಾರಿಗಳು ಕಾರಿನ ಕಿಟಕಿಗೇ ಹೋಗಿ ಮಿಠಾಯಿ ಮಾರುತ್ತಿದ್ದರು. ಪ್ರಯಾಣಿಕರ ಶಾಪ ಊರಿನ ವರವಾಗಿತ್ತು. 1968ರಲ್ಲಿ ಹೊಸ ಮೋಟಾರು ಹೆದ್ದಾರಿ ಊರನ್ನು ಬಳಸಿ ಹೋಯಿತು. 1970ರಲ್ಲಿ ಪ್ಯಾರಿಸಿನಿಂದ ಮಾರ್ಸೇವರೆಗಿನ ‘ಸೂರ್ಯನ ಹೆದ್ದಾರಿ’ ಪೂರ್ಣವಾಯಿತು. ಬೆಳಗಿನ ಜಾವ ಹೊರಟರೆ ಸಂಜೆಗೆ ಕಡಲು. ನಡುವಿನ ರಾತ್ರಿಯೇ ಮಾಯ! ಆ ರಾತ್ರಿಯನ್ನೇ ನಂಬಿ ಬದುಕಿದ್ದ ವಸತಿಗೃಹಗಳು, ಪೆಟ್ರೋಲ್ ಬಂಕುಗಳು, ಗ್ಯಾರೇಜುಗಳು ಮುಚ್ಚಿದವು. ಗೋಡೆಗಳ ಮೇಲಿನ ಬಣ್ಣದ ಜಾಹೀರಾತುಗಳು ಮಾಸಿದವು. 2006ರಲ್ಲಿ ಹೆದ್ದಾರಿ 7ರ ಬಹುಭಾಗವನ್ನು ಜಿಲ್ಲಾಡಳಿತಗಳಿಗೆ ವಹಿಸಲಾಯಿತು. ಆ ಭಾಗಗಳಲ್ಲಿ ರಸ್ತೆಯ ಹೆಸರೂ ಬದಲಾಯಿತು.

ವೇಗದ ರಸ್ತೆಯಿಂದ ನೆಮ್ಮದಿ ಸಿಕ್ಕಿತೇ? ಎಲ್ಲರೂ ಒಂದೇ ದಿನ ಹೊರಟರೆ ಎಂಥ ರಸ್ತೆಯೂ ಸಾಲದು. 1975ರ ಆಗಸ್ಟ್ ಮೊದಲ ವಾರಾಂತ್ಯದಲ್ಲಿ ಫ್ರಾನ್ಸಿನ ರಸ್ತೆಗಳಲ್ಲಿ ಒಟ್ಟು 600 ಕಿ.ಮೀ. ಉದ್ದದಷ್ಟು ವಾಹನಗಳು ಸಾಲುಗಟ್ಟಿ ನಿಂತವು. ಮರುವರ್ಷ ಸರಕಾರ ‘ಬಿಝೋಂ ಫ್ಯುತೇ’ ಎಂಬ ಸಂಚಾರ ಸಲಹಾ ಸೇವೆ ಆರಂಭಿಸಿತು. ಯಾವ ದಿನ ಹೊರಡಬಾರದು, ಯಾವ ಒಳದಾರಿ ಹಿಡಿಯಬೇಕು ಎಂದು ಅದು ಇಂದಿಗೂ ಬಣ್ಣಗಳ ಮೂಲಕ ತಿಳಿಸುತ್ತದೆ. ‘ಕಪ್ಪು ಶನಿವಾರ’ ಎಂದರೆ ಮನೆಯಲ್ಲೇ ಇರುವುದು ಲೇಸು ಎಂದರ್ಥ.

ಬೈಪಾಸಿನ ಕಥೆಗಳೆಲ್ಲ ಒಂದೇ ಬಗೆಯಲ್ಲಿ ಮುಗಿಯುವುದಿಲ್ಲ. ತಾರ್ನ್ ನದಿಯ ಕಣಿವೆಯ ಮಿಯೋ ಪಟ್ಟಣವೂ ಬೇಸಗೆಯ ವಾಹನಸಾಲುಗಳಿಗೆ ಕುಖ್ಯಾತವಾಗಿತ್ತು. 2004ರ ಡಿಸೆಂಬರಿನಲ್ಲಿ ಕಣಿವೆಯ ಮೇಲೆ 2,460 ಮೀಟರ್ ಉದ್ದದ ಸೇತುವೆ ತೆರೆಯಿತು. ಅದರ ಅತಿ ಎತ್ತರದ ಕಂಬದ ತುದಿ ನೆಲದಿಂದ 343 ಮೀಟರ್. ವಾಹನಗಳು ಊರನ್ನು ಮುಟ್ಟದೆ ತಲೆಯ ಮೇಲೆ ಹಾರಿಹೋಗತೊಡಗಿದವು. ಆದರೆ ಆ ಸೇತುವೆಯನ್ನು ಕೆಳಗಿನಿಂದ ನೋಡಬೇಕೆಂದೇ ಜನ ಹೆದ್ದಾರಿ ಬಿಟ್ಟು ಮಿಯೋಗೆ ಇಳಿಯುತ್ತಾರೆ. ಲ ಸೊಮಾಯ್ ಕೂಡ ಇಂದು ಬಾಡಿಗೆ ದೋಣಿಗಳ ವಿಹಾರಿಗರಿಂದ ಮತ್ತೆ ರಾತ್ರಿ ದೀಪ ಹಚ್ಚುತ್ತಿದೆ. ಸಾಂತಿಯಾಗೊ ದಾರಿಗಳು 1998ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಒಬ್ರಾಕಿನಲ್ಲಿ ನಡೆದು ಬಂದವರು ಈಗಲೂ ತಂಗುತ್ತಾರೆ. ಒಂದು ಕಾಲಕ್ಕೆ ಅನಿವಾರ್ಯವಾಗಿದ್ದ ಮಜಲು ಈಗ ಆಯ್ಕೆಯ ಮಜಲಾಗಿದೆ. ಇದು ಸಣ್ಣ ಬದಲಾವಣೆಯಲ್ಲ.

ಹಾಗಾದರೆ ಇಂದು ಆ ನಾಡಿನಲ್ಲಿ ಕಾರು ಓಡಿಸುವ ಕುಟುಂಬ ಎಲ್ಲಿ ತಂಗಬೇಕು? ಇತಿಹಾಸ ಕೊಡುವ ಸಲಹೆ ಮೂರು. ಮೊದಲನೆಯದು, ದೂರವನ್ನು ರಸ್ತೆಯ ವೇಗದಿಂದ ಅಳೆಯದೆ ದಣಿಯುವವರಿಂದ ಅಳೆಯುವುದು. ರೋಮನ್ನರು ಪ್ರಾಣಿಗಳ ದಣಿವಿನಿಂದ ಅಳೆದರು. ಮಕ್ಕಳಿರುವ ಸಂಸಾರ ಮಕ್ಕಳ ದಣಿವಿನಿಂದ ಅಳೆಯಬೇಕು. ಎರಡು ಮೂರು ಗಂಟೆಯ ಓಟ ಒಂದು ದಿನಕ್ಕೆ ಸಾಕು. ಎರಡನೆಯದು, ಊಟದ ಹೊತ್ತನ್ನು ಗಮನದಲ್ಲಿಡುವುದು. ದಕ್ಷಿಣದ ಸಣ್ಣ ಊರುಗಳಲ್ಲಿ ಮಧ್ಯಾಹ್ನ ಎರಡರ ಮೇಲೆ ಅಡುಗೆಮನೆ ಮುಚ್ಚಿರುತ್ತದೆ. ಸಸ್ಯಾಹಾರಿಗಳು ಮೊದಲೇ ಹೇಳಿಡುವುದು ಲೇಸು. ಬ್ರಿಂಯೋಲಿನಲ್ಲಿ ಸ್ಮಾಲೆಟ್ ಮಾಂಸಕ್ಕಾಗಿ ಜಗಳವಾಡಿದ. ನಮ್ಮವರು ಮಾಂಸವಿಲ್ಲದ ಊಟಕ್ಕಾಗಿ ಆಡಬೇಕಾದೀತು! ಮೂರನೆಯದು, ಹಳೆಯ ಮಜಲುಗಳನ್ನು ನಂಬುವುದು. ವಿಯೆನ್, ಪೋಂ ಸೇಂಟ್ ಎಸ್ಪ್ರೀ, ನೀಮ್, ನಾರ್ಬಾನ್, ಕಾಸ್ತೆಲ್‌ನೋದಾರಿ ಇವ್ಯಾವುವೂ ಆಕಸ್ಮಿಕವಾಗಿ ತಂಗುದಾಣಗಳಾದವಲ್ಲ. ನೀರು, ಸೇತುವೆ, ಮೇವು, ಸಂತೆ ಇವುಗಳಲ್ಲೊಂದು ಅಲ್ಲಿತ್ತು. ಎಷ್ಟೋ ತಲೆಮಾರಿನ ದಣಿದ ಕಾಲುಗಳು ಪರೀಕ್ಷಿಸಿ ಒಪ್ಪಿದ ಜಾಗಗಳು ಅವು.

ಗಂಟೆಗೆ 130 ಕಿ.ಮೀ. ವೇಗದಲ್ಲಿ ಓಡುವವರಿಗೆ ಈ ಊರುಗಳು ಫಲಕದ ಮೇಲಿನ ಹೆಸರುಗಳು ಮಾತ್ರ. ಸಂಜೆ ಐದಕ್ಕೆ ಹೆದ್ದಾರಿಯಿಂದ ಹೊರಳಿ ಒಳಗೆ ಬಂದವರಿಗೆ ಅಲ್ಲಿ ಬೇಕರಿಯಿದೆ, ಚೌಕದಲ್ಲಿ ಪ್ಲೇನ್ ಮರದ ನೆರಳಿದೆ, ಕಬ್ಬಿಣದ ಗುಂಡು ಎಸೆದು ಆಡುವ ಮುದುಕರಿದ್ದಾರೆ. ಒಂದು ಕುಟುಂಬ ಅಲ್ಲಿ ಒಂದು ರಾತ್ರಿ ತಂಗಿದರೆ ಊರಿನ ಒಂದು ದೀಪ ಇನ್ನಷ್ಟು ದಿನ ಉರಿಯುತ್ತದೆ. ವಿಯಾ ಡೊಮಿಟಿಯಾದ ಕಾಲದಿಂದಲೂ ಊರಿಗೂ ದಾರಿಹೋಕನಿಗೂ ನಡುವೆ ಇರುವ ಒಪ್ಪಂದ ಇಷ್ಟೇ.